ಪಡುವಣ ಗೋಡೆಯ ಗುರುತು

ಅಜ್ಜಪ್ಪ ತೀರಿಕೊಂಡ ಮೇಲೆ ಆ ಮನೆಗೆ ಬರುವುದು ಮೊದಲು ನಿಂತದ್ದು ಅಂಗಡಿಯ ಸಾಬೂನು. ಆಸ್ಪತ್ರೆಯದು, ಮಣ್ಣು ಮಾಡಿದ್ದರದು, ಬಂದು ಹೋದವರ ಊಟದ್ದು, ಎಲ್ಲ ಖರ್ಚು ಮುಗಿದ ಮೇಲೆ ಮಗ ರುದ್ರಮುನಿ ಪಡಸಾಲೆಯಲ್ಲಿ ಗೋಡೆಗೆ ಒರಗಿ, “ಇನ್ನ ಒಂದಿಷ್ಟ ದಿನ ಕೈ ಹಿಡದು ಖರ್ಚ ಮಾಡ್ರಿ” ಎಂದಷ್ಟೇ ಅಂದ. ಅವನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಗೋದಾಮಿನಲ್ಲಿ ತೂಕ ಬರೆಯುವ ಗುಮಾಸ್ತ. ಆ ವರ್ಷ, ಎರಡು ಸಾವಿರದ ಆರನೇ ಇಸವಿ, ಕಂಪನಿಯವರು ಅವನಂಥವರನ್ನೆಲ್ಲ ಹಂಗಾಮು ಇದ್ದಾಗಷ್ಟೇ ಕರೆಯತೊಡಗಿದ್ದರು. ಉಳಿದ ದಿನಗಳಲ್ಲಿ ಅವನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಿ, ಕೆಂಪು ಧೂಳು ಮೆತ್ತಿದ ಅಂಗಿಯಲ್ಲಿ ಸೀನುತ್ತ ಮನೆಗೆ ಬರುತ್ತಿದ್ದ.

ಅವನ ಹೆಂಡತಿ ನಿರ್ಮಲಾ ಸುಮ್ಮನೆ ಕೂರುವ ಹೆಣ್ಣಲ್ಲ. ಓಣಿಯ ಮಹಿಳಾ ಸಂಘದವರ ಜೊತೆ ಹಾವೇರಿಗೆ ಹೋಗಿ ಫಿನಾಯಿಲು, ಪಾತ್ರೆ ತಿಕ್ಕುವ ಪುಡಿ, ಅರಿವೆ ಒಗೆಯುವ ಸಾಬೂನು ಮನೆಯಲ್ಲೇ ಮಾಡುವುದನ್ನು ಕಲಿತು ಬಂದಳು. ಅವಳ ಅತ್ತೆ ಸಿದ್ದವ್ವ ಬಾಗಿಲಲ್ಲೇ ನಿಂತು ಕೇಳಿದಳು, “ಬೂದಿ ಹಚ್ಚಿ ಪಾತ್ರಿ ತಿಕ್ಕೋದನ್ನ ಕಲ್ಯಾಕ ಬಸ್ಸ ಹತ್ತಿ ಹಾವೇರಿಗೆ ಹೋಗಿದ್ದೇನವಾ?”

“ಬೂದಿ ಎಲ್ಲಿಂದ ತರೂಣ್ರಿ ಅತ್ತಿ? ಗ್ಯಾಸಿನ ಒಲಿ ಬೂದಿ ಹಾಕತೈತೇನು?”

“ಬಚ್ಚಲ ಒಲಿ ಐತೆಲ್ಲ. ಕಣ್ಣ ತಗದು ನೋಡು.”

ಹೀಗೆ ಅತ್ತೆ ಸೊಸೆ ಇಬ್ಬರೂ ಹಟಕ್ಕೆ ಬಿದ್ದರು. ಸಿದ್ದವ್ವ ತನ್ನ ತವರು ಹಲಗೇರಿಯಿಂದ ಅಂಟುವಾಳದ ಕಾಯಿ ತರಿಸಿ ನೆನೆಹಾಕಿದಳು. ನಿರ್ಮಲಾ ಲಿಂಬೆಸಿಪ್ಪೆಗೆ ಸೋಡಾ ಹಾಕಿ ಕುದಿಸಿದಳು. ಅಡುಗೆಮನೆಯ ಕಪಾಟಿನಲ್ಲಿ ಉಪ್ಪಿನಕಾಯಿಯ ಭರಣಿ ಯಾವುದು, ನೆಲ ಒರೆಸುವ ನೀರಿನ ಭರಣಿ ಯಾವುದು ಎಂದು ಮೂಸಿ ನೋಡದೆ ಕೈ ಹಾಕುವ ಹಾಗಿರಲಿಲ್ಲ. ಇಬ್ಬರ ನಡುವೆ ಓಡಾಡುತ್ತಿದ್ದವಳು ಮಗಳು ಸುಧಾರಾಣಿ. ಬಿ.ಎ. ಕೊನೆಯ ಪರೀಕ್ಷೆ ಬರೆದು ಕೂತಿದ್ದಳು. ಮುಂದೆ ಹಾವೇರಿಯಲ್ಲಿ ಬಿ.ಎಡ್. ಮಾಡಬೇಕು, ಸಾಲೆಯ ಅಕ್ಕೋರು ಆಗಬೇಕು ಎಂಬುದು ಅವಳ ಆಸೆ. ಅಷ್ಟರಲ್ಲಿ ಕುಪ್ಪೇಲೂರಿನ ಸೋದರಮಾವ ಒಂದು ಗಂಡು ನೋಡಿದ್ದ. ಕಾಲೇಜಿಗೆ ದುಡ್ಡು ಹೊಂದದಿದ್ದರೆ ಆ ಮಾತನ್ನು ಮುಂದುವರಿಸೋಣ ಎಂದು ರುದ್ರಮುನಿ ಒಪ್ಪಿಕೊಂಡುಬಿಟ್ಟಿದ್ದ.

ದುಡ್ಡು ಹೊಂದಿಸುವ ದಾರಿ ಒಂದೇ ಇತ್ತು. ಬೀದಿಯ ಕಡೆಗಿನ ಖೋಲಿಯನ್ನು ಬಾಡಿಗೆಗೆ ಕೊಡುವುದು. ಅದು ಅಜ್ಜಪ್ಪನ ಖೋಲಿ.

ಅಜ್ಜಪ್ಪ ಹತ್ತಿ ಅಡತಿಯಲ್ಲಿ ಹಮಾಲರ ಮೇಸ್ತ್ರಿಯಾಗಿದ್ದವನು. ಕೆಲಸ ಬಿಟ್ಟ ಮೇಲೆ ಆ ಖೋಲಿಯಲ್ಲಿ ಕಂಬಳಿ ಹಾಸಿ, ಪಡುವಣ ಗೋಡೆಗೆ ಬೆನ್ನು ಕೊಟ್ಟು, ತೆರೆದ ಬಾಗಿಲಿನಿಂದ ಬೀದಿ ನೋಡುತ್ತ ಕೂತ. ಮತ್ತೆ ಏಳಲೇ ಇಲ್ಲವೇನೋ ಅನ್ನುವಷ್ಟು ವರ್ಷ ಕೂತ. ತಲೆಗೆ ದಿನವೂ ಗರಗದ ಸೊಪ್ಪು, ಮೆಂತೆ ಹಾಕಿ ಕಾಸಿದ ಎಣ್ಣೆ. ಆ ತಲೆ ತಾಗಿ ತಾಗಿ ಗೋಡೆಯ ಮೇಲೊಂದು ಕಂದು ಗುರುತು ಮೂಡಿತ್ತು. ಮೇಲೆ ದುಂಡಗೆ, ಕೆಳಗೆ ಎರಡೂ ಕಡೆ ಇಳಿಜಾರು. ಕೋಲೂರಿ ಬೀದಿಯ ಮೂಲೆಯವರೆಗೆ ಹೋದವನು ತನ್ನ ನೆರಳನ್ನು ಅಲ್ಲೇ ಮರೆತು ಹೋದ ಹಾಗೆ.

“ಸುಣ್ಣ ಬಳದ್ರ ಮುಗೀತಲ್ಲ” ಎಂದ ರುದ್ರಮುನಿ.

“ವರ್ಷ ತುಂಬೂ ತನಕ ಮನೀಗೆ ಸುಣ್ಣ ಮುಟ್ಟಸಂಗಿಲ್ಲ” ಎಂದಳು ಸಿದ್ದವ್ವ. “ತೊಳೀರಿ ಬೇಕಾದ್ರ. ತೊಳ್ಯಾಕ ನಾ ಬ್ಯಾಡ ಅನ್ನಂಗಿಲ್ಲ.”

ತೊಳೆಯುವ ಕೆಲಸ ಸುಧಾರಾಣಿಗೆ ಬಂತು. ಅಂಟುವಾಳದ ನೀರಿಗೆ ಗುರುತು ಜಗ್ಗಲಿಲ್ಲ. ಲಿಂಬೆಸಿಪ್ಪೆಯ ನೀರಿಗೆ ಸ್ವಲ್ಪ ಮಾಸಿತು. ಆಮೇಲೆ ಸಿದ್ದವ್ವ ತಾನೇ ಕಾಸಿದ ಸಾಬೂನಿನ ಒಂದು ಗಡ್ಡೆ ತಂದು ಮೊಮ್ಮಗಳ ಕೈಗಿಟ್ಟಳು. ಸೊಸೆ ಕಲಿತು ಬಂದ ವಿದ್ಯೆಯನ್ನು ಅವಳು ಸದ್ದಿಲ್ಲದೆ ನೋಡಿ ಕಲಿತಿದ್ದಳು. ಸಾಬೂನು ಬೆಲ್ಲದ ಬಣ್ಣದ್ದು, ಮೆತ್ತಗಿನದು, ಬೆರಳಿಗೆ ಅಂಟುವಂಥದು. ಅದನ್ನು ಹಚ್ಚಿ ತಿಕ್ಕಿದರೆ ನೊರೆ ಬಂದು ಹಸಿ ಗೋಡೆ ಬೆಳ್ಳಗಾಯಿತು. ಸುಧಾರಾಣಿ ಓಡಿ ಬಂದು, “ಅವ್ವಾ, ಹೋತು” ಎಂದಳು. ನಿರ್ಮಲಾ ಬಂದು ನೋಡಿ, ಅತ್ತೆಯ ಸಾಬೂನೆಂದು ಗೊತ್ತಾಗಿ ಒಳಗೆ ಹೋದಳು. ಅಂದಿನಿಂದ ಮನೆಯ ಅರಿವೆಗೆಲ್ಲ ಅದೇ ಸಾಬೂನಾಯಿತು.

ಮರುದಿನ ಗೋಡೆ ಆರಿತು. ಗುರುತು ಹಾಗೇ ಇತ್ತು. ಅಲ್ಲ, ಹಾಗೇ ಇರಲಿಲ್ಲ. ಮೊದಲು ತಲೆ, ಹೆಗಲು ಅಷ್ಟೇ ಇದ್ದದ್ದು ಈಗ ಕೆಳಕ್ಕೆ ಎದೆಯವರೆಗೆ ಇಳಿದಿತ್ತು.

ಇನ್ನೊಮ್ಮೆ ತಿಕ್ಕಿದಳು. ಇನ್ನೊಮ್ಮೆ ಬಂತು, ಈ ಸಲ ತೋಳಿನ ಸಮೇತ. ಚಿಕ್ಕವಳಿದ್ದಾಗ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು: ಒಬ್ಬ ರಾಣಿ ತನ್ನ ಸವತಿಯ ಹೆಜ್ಜೆಯನ್ನು ಅಂಗಳದಿಂದ ತೊಳೆಯುತ್ತಾಳೆ, ತೊಳೆದಷ್ಟೂ ಹೆಜ್ಜೆ ಬಾಗಿಲಿಗೆ ಹತ್ತಿರ ಬರುತ್ತದೆ. ಸುಧಾರಾಣಿ ಬಕೆಟ್ಟನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಬಿಸಿಲಲ್ಲಿ ನಿಂತಳು.

“ಏನಾತ?” ಎಂದಳು ಜೋಳ ಹಸನು ಮಾಡುತ್ತಿದ್ದ ಸಿದ್ದವ್ವ.

“ಅಜ್ಜಿ, ಗುರುತು ಬೆಳ್ಯಾಕತ್ತೈತಿ.”

“ಬೆಳೀಲಿ. ಕುಂತು ಕುಂತು ಕಾಲು ಹಿಡದಿರಬೇಕು, ಚಾಚಾಕತ್ತಾನ” ಎಂದು ಸಿದ್ದವ್ವ ಜೋಳ ಕೇರುತ್ತಲೇ ಇದ್ದಳು. ಅವಳು ನಗುತ್ತಾಳೋ ಇಲ್ಲವೋ ಎಂದು ಮೊಮ್ಮಗಳು ಕಾದಳು. ನಗಲಿಲ್ಲ.

ಅದಾದ ಒಂದು ವಾರಕ್ಕೆ ರುದ್ರಮುನಿ ಬ್ಯಾಡಗಿಯಿಂದ ಬಂದವನು ಕೈಕಾಲು ತೊಳೆಯದೆ ಹಾಗೇ ಕೂತ. ನಿರ್ಮಲಾ ತಾಟು ಇಟ್ಟಳು. ರೊಟ್ಟಿ, ಪುಂಡಿಪಲ್ಯ. ಅವನು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡ.

“ಉಣ್ರಿ. ಆರತೈತಿ.”

“ಇವತ್ತ ಇಸ್ಮಾಯಿಲಸಾಬ ಸಿಕ್ಕಿದ್ದ” ಎಂದ.

ಇಸ್ಮಾಯಿಲಸಾಬ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡಿದವನು, ಅಜ್ಜಪ್ಪನ ಹರೆಯದ ಗೆಳೆಯ. ಈಗ ಎರಡೂ ಕಣ್ಣಿಗೆ ಪೊರೆ ಬಂದು, ಮಗನ ಅಂಗಡಿಯ ಮುಂದೆ ಬೆಂಚಿನ ಮೇಲೆ ಕೂತಿರುತ್ತಾನೆ.

“ನಾ ಮಾತಾಡ್ಸೇ ಇಲ್ಲ. ಸುಮ್ನ ಬಾಜೂಕ ಹಾದು ಹೊಂಟಿದ್ದೆ. ಗಪ್ಪನ ಕೈ ಹಿಡದ. ‘ಅಜ್ಜಪ್ಪಾ, ಎಷ್ಟ ದಿನಾತೋ ಮಾರಾಯಾ, ಬಾ ಕುಂದ್ರು’ ಅಂದ.”

ಅಡುಗೆಮನೆಯಲ್ಲಿ ಲಟಪಟ ರೊಟ್ಟಿ ಬಡಿಯುತ್ತಿದ್ದ ಸಿದ್ದವ್ವನ ಕೈ ನಿಂತಿತು.

“ಮಣ್ಣಿಗೆ ಬಂದಿದ್ದಲ್ಲ ಅಂವ” ಎಂದಳು ನಿರ್ಮಲಾ.

“ಬಂದಿದ್ದ. ಮುಷ್ಟಿ ಮಣ್ಣ ಹಾಕಿ ಹೋಗಿದ್ದ. ಅದನ್ನ ನಾ ಹೇಳಿದೆ, ಕಾಕಾ, ಅಪ್ಪ ಹೋಗಿ ನಾಕೈದು ತಿಂಗಳಾತು, ನಾ ರುದ್ರಮುನಿ ಅದೇನಿ ಅಂತ. ‘ಗೊತ್ತೈತಿ ಬಿಡೋ, ನಾ ಏನರ ಕೇಳೇನೇನು ನಿನ್ನ’ ಅಂತಾನ. ಆಮ್ಯಾಲೆ ಎಷ್ಟೋ ಹೊತ್ತು ಮಾತಾಡಿದ. ಎತ್ತಿನ ಸುದ್ದಿ, ಗಾಡಿ ಸುದ್ದಿ.” ರುದ್ರಮುನಿ ರೊಟ್ಟಿಯನ್ನು ತಾಟಿನಲ್ಲಿಟ್ಟ. “ನನ್ನ ಕೂಡ ಅಲ್ಲ.”

ಅವನು ತನ್ನ ಅಂಗಿಯ ತೋಳನ್ನು ಮೂಗಿಗೆ ಹಿಡಿದು ಮೂಸಿದ. ಸುಧಾರಾಣಿಯೂ ತನ್ನ ದಾವಣಿಯ ಸೆರಗನ್ನು ಮೂಸಿದಳು. ಗರಗದ ಸೊಪ್ಪಿನ ವಾಸನೆ. ಅದು ಎಷ್ಟೋ ದಿನಗಳಿಂದ ಇತ್ತು. ಹಾಸಿಗೆಯಲ್ಲಿತ್ತು, ಟವಲಿನಲ್ಲಿತ್ತು, ಒರೆಸಿದ ನೆಲದಲ್ಲಿತ್ತು. ಆ ಗೋಡೆಯಿಂದ ಬರುತ್ತದೆಂದು ಎಲ್ಲರೂ ತಮ್ಮೊಳಗೇ ಅಂದುಕೊಂಡು ಒಬ್ಬರಿಗೊಬ್ಬರು ಹೇಳಿರಲಿಲ್ಲ.

ಕಡೆಗೆ ರುದ್ರಮುನಿಯೇ ಮಾತು ಹೊರಳಿಸಿದ. “ಅವನ ಮೊಮ್ಮಗಳು ಅಲ್ಮಾಸ ಅಕ್ಕೋರು ಅದಾಳಲ್ಲ, ಆಕಿಗೆ ನಮ್ಮೂರ ಉರ್ದು ಸಾಲಿಗೆ ವರ್ಗ ಆಗೈತೆಂತ. ಅವ್ವನ್ನ ಕರ್ಕೊಂಡು ಇರತಾಳಂತ. ಖೋಲಿ ಕೇಳಿದ. ನಾ ಹೂಂ ಅಂದೇನಿ.”

“ಕೋಳಿ ಗೀಳಿ ಬೇಯಿಸ್ತಾರ?” ಎಂದಳು ನಿರ್ಮಲಾ, ಅತ್ತೆ ಏನನ್ನುತ್ತಾಳೋ ಎಂದು ಒಳಗೆ ಇಣುಕಿ.

“ಇಸ್ಮಾಯಿಲ ಇದೇ ಮನ್ಯಾಗ ನಮ್ಮ ತಾಟಿನ್ಯಾಗ ಉಂಡಾನ” ಎಂದಳು ಸಿದ್ದವ್ವ. “ಅವರ ಒಲಿ ಅವರಿಗೆ, ನಮ್ಮ ಒಲಿ ನಮಗ. ಬರ್ಲಿ.”

ಮುಂದಿನ ರವಿವಾರ ಅಲ್ಮಾಸ ತನ್ನ ತಾಯಿ ಜೈತೂನಬಿಯ ಜೊತೆ ಖೋಲಿ ನೋಡಲು ಬಂದಳು. ಅಲ್ಮಾಸ ಸುಧಾರಾಣಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಚರ್ಮದ ಚೀಲ, ಕೈಗಡಿಯಾರ, ನೆಟ್ಟಗಿನ ನಡಿಗೆ. ಸುಧಾರಾಣಿ ಚಹಾದ ಬಟ್ಟಲು ಕೊಡುತ್ತ ಅವಳನ್ನೇ ನೋಡಿದಳು. ಅಲ್ಮಾಸ ನಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ, ಸಾಲೆ ಎಷ್ಟು ದೂರ ಎಂದೆಲ್ಲ ಕೇಳಿ, “ನನಗೇನೋ ಪಸಂದ ಆತ್ರಿ” ಎಂದಳು. ಜೈತೂನಬಿ ಮಾತ್ರ ಖೋಲಿಯ ನಡುವೆ ನಿಂತು ಗೋಡೆ ನೋಡುತ್ತಿದ್ದಳು.

“ಇದು ಪಶ್ಚಿಮದ ಗೋಡಿ ಅಲ್ರಿ?”

“ಹೌದ್ರಿ” ಎಂದ ರುದ್ರಮುನಿ.

“ನಮಾಜಿಗೆ ನಾವು ಈ ಕಡಿಗೇ ಮುಖಾ ಮಾಡಿ ನಿಂದರಬೇಕ್ರಿ ಅಣ್ಣಾರ. ಮನಷ್ಯಾರ ಆಕಾರ ಮುಂದ ಇಟ್ಕೊಂಡು ನಿಂದ್ರಾಕ ಬರಂಗಿಲ್ಲ.”

“ಒಂದು ಪರದೆ ಇಳಿಬಿಟ್ರಾತು. ನಾನೇ ತಂದು ಹಾಕ್ತೇನಿ.”

ಜೈತೂನಬಿ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. “ಪರದೆ ಹಾಕಬಹುದ್ರಿ. ಹಿಂದ ಅವರು ಕುಂತಾರ ಅಂತ ಗೊತ್ತಿರತೈತೆಲ್ಲ.”

ಅಲ್ಮಾಸ ಮುಜುಗರಪಟ್ಟು, “ಅಮ್ಮೀ” ಎಂದು ತಾಯಿಯ ತೋಳು ಜಗ್ಗಿದಳು. ಸಾಲೆ ಶುರುವಾಗುವುದರೊಳಗೆ ಗೋಡೆ ಸ್ವಚ್ಛವಾದರೆ ಬರುತ್ತೇವೆ, ಇಲ್ಲದಿದ್ದರೆ ಮಸೀದಿಯ ಹತ್ತಿರ ಇನ್ನೊಂದು ಮನೆ ಇದೆ ಎಂದು ಹೇಳಿ ಹೋದರು. ಅವರು ಹೋದ ಮೇಲೆ ರುದ್ರಮುನಿ ಮಗಳ ಮುಖ ನೋಡದೆ, “ಕುಪ್ಪೇಲೂರಿಗೆ ಒಂದು ಫೋನ್ ಮಾಡಬೇಕು” ಎಂದು ಚಪ್ಪಲಿ ಮೆಟ್ಟಿದ.

“ಈಗ ಬ್ಯಾಡಪಾ” ಎಂದಳು ಸುಧಾರಾಣಿ. “ಗೋಡಿ ನಾ ತೆಗೀತೇನಿ.”

“ಗೋಡಿ ತೆಗೀತಿ?”

“ಗುರುತು.”

ಅವನು ಚಪ್ಪಲಿ ಬಿಟ್ಟ. ಫೋನು ಅಂದು ಆಗಲಿಲ್ಲ, ಅಷ್ಟೇ.

ಮರುದಿನ ನಿರ್ಮಲಾ ಸಂಘಕ್ಕೆ ಹೋದಾಗ ಸಿದ್ದವ್ವ ಹಿತ್ತಲಲ್ಲಿ ಹೊಸ ಸಾಬೂನಿಗೆ ಒಲೆ ಹೂಡಿದಳು. ಸುಧಾರಾಣಿ ಕಾಸ್ಟಿಕ್ ಸೋಡಾದ ನೀರನ್ನು ದೂರ ಹಿಡಿದು ನಿಂತಳು. ಅಜ್ಜಿ ಅದರಲ್ಲಿ ಅರ್ಧ ಮಾತ್ರ ಹುಯ್ಯಿಸಿಕೊಂಡು, “ಸಾಕು, ಕೈ ಸುಡತೈತಿ ಅದು” ಎಂದಳು. ಆಮೇಲೆ ಮಂಚದ ಕೆಳಗಿನಿಂದ ಒಂದು ತಗಡಿನ ಡಬ್ಬಿ ಎಳೆದು ತಂದು ಮುಚ್ಚಳ ತೆಗೆದಳು. ವಾಸನೆ ಎದ್ದು ಬಂದು ಹಿತ್ತಲನ್ನು ತುಂಬಿತು. ಬಾಗಿಲಲ್ಲಿ ಯಾರೋ ಕೆಮ್ಮಿದ ಹಾಗಾಗಿ ಸುಧಾರಾಣಿ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

“ಅಜ್ಜಿ, ಇದು ಅಜ್ಜನ ಎಣ್ಣಿ.”

“ಹೂಂ. ಹೋಗೂಕಿಂತ ಮುಂಚೆ ಒಂದು ವರ್ಷಕ್ಕಾಗುವಷ್ಟು ಕಾಸಿ ಇಟ್ಟಿದ್ದ. ಯಾರ ತಲೀಗೆ ಹಚ್ಚಲಿ? ನಿಮ್ಮಪ್ಪಗ ನೆಗಡಿ. ನಿಮ್ಮವ್ವಗ ಅಂಗಡೀದು ಬೇಕು. ಚೆಲ್ಲಾಕ ಬರತೈತೇನು?”

ಸುಧಾರಾಣಿ ಡಬ್ಬಿಯೊಳಗೆ ಇಣುಕಿದಳು. ಅಷ್ಟು ದಿನ ಅವಳು ಅಜ್ಜನ ಗುರುತನ್ನು ಅಜ್ಜನ ಎಣ್ಣೆಯಿಂದಲೇ ತಿಕ್ಕುತ್ತಿದ್ದಳು. ಸೋಡಾ ಕಡಿಮೆಯಾಗಿ ಸಾಬೂನಿನಲ್ಲಿ ಹಸಿ ಎಣ್ಣೆ ಹಾಗೇ ಉಳಿಯುತ್ತಿತ್ತು. ಅದನ್ನು ಗೋಡೆ ಕುಡಿಯುತ್ತಿತ್ತು, ಅರಿವೆ ಕುಡಿಯುತ್ತಿತ್ತು.

ಸಂಜೆ ನಿರ್ಮಲಾಗೆ ವಿಷಯ ತಿಳಿದಾಗ ಮನೆ ಗದ್ದಲವಾಯಿತು.

“ನಿಮಗ ಗೊತ್ತಿದ್ದೂ ಸುಮ್ನ ಕುಂತ್ರಿ. ಗುರುತು ಉಳೀಲಿ, ನನ್ನ ಮಗಳ ಓದು ಹೋಗ್ಲಿ ಅಂತ.”

“ನೀನ ಹೇಳಿದ್ದಿ. ಮನ್ಯಾಗಿನ ಹಳೀ ಎಣ್ಣಿ ಹಾಕಿದ್ರ ಸಾಬೂನು ಪುಕ್ಕಟ ಆಗತೈತಿ ಅಂತ. ನಾನೇನು ಹಾವೇರಿಗೆ ಹೋಗಿ ಕಲ್ತೇನೇನು?”

“ಹಳೀ ಎಣ್ಣಿ ಅಂದ್ರ ಬಜ್ಜಿ ಕರದದ್ದು. ಸತ್ತವರ ತಲಿ ಎಣ್ಣಿ ಅಲ್ಲ.”

“ಸತ್ತವರದ್ದು ಅಂತ ಒಂದೊಂದೇ ಹೊರಗ ಹಾಕ್ಕೋತ ಹೋದ್ರ ನಾ ಎಲ್ಲಿ ಹೋಗ್ಲಿ?” ಎಂದಳು ಸಿದ್ದವ್ವ. ದನಿ ಏರಲಿಲ್ಲ. “ಕೋಲು ಕೊಟ್ರಿ, ಕಂಬಳಿ ಕೊಟ್ರಿ, ಖೋಲೀನೂ ಕೊಡ್ರಿ ಅಂದೆ. ವಾಸನೀನೂ ಕೊಡಬೇಕೇನು?”

ನಿರ್ಮಲಾ ಒಲೆಯ ಕಡೆಗೆ ತಿರುಗಿದಳು. ಅಂದು ಅವಳು ಬಡಿಸಿದ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಎಲ್ಲರೂ ಹಾಗೇ ಉಂಡರು.

ಎರಡು ದಿನ ಕಳೆದವು. ಆಮೇಲೆ ನಿರ್ಮಲಾ ತವರಿನಲ್ಲಿ ಎಣ್ಣೆ ಹತ್ತಿದ ಅರಿವೆಗೆ ಹಚ್ಚುತ್ತಿದ್ದ ಸವಳು ಮಣ್ಣನ್ನು ನೆನಪಿಸಿಕೊಂಡು ಕುಪ್ಪೇಲೂರಿನ ಬಸ್ಸಿನಲ್ಲಿ ಒಂದು ಚೀಲ ತರಿಸಿದಳು. ಬೆಳ್ಳಗೆ ಉಪ್ಪುಪ್ಪಾದ ಮಣ್ಣು. ಅದನ್ನು ಗಟ್ಟಿಯಾಗಿ ಕಲಸಿ ಗುರುತಿನ ಮೇಲೆ ದಪ್ಪಗೆ ಮೆತ್ತಿದರು, ತಾಯಿ ಒಂದು ಕಡೆ, ಮಗಳು ಒಂದು ಕಡೆ. ಮಣ್ಣು ಆರುತ್ತ ಎಣ್ಣೆಯನ್ನು ಎಳೆದುಕೊಂಡಿತು. ಬೆಳ್ಳಗಿದ್ದದ್ದು ಹಳದಿಯಾಯಿತು, ಹಳದಿ ಕಂದಾಯಿತು. ಪೂರಾ ಆರಿದ ಮೇಲೆ ಬಿರುಕು ಬಿಟ್ಟು ತಾನಾಗಿಯೇ ಗೋಡೆಯಿಂದ ಸಡಿಲಿತು. ಅದು ಚೂರುಚೂರಾಗಿ ಬೀಳಲಿಲ್ಲ. ತಲೆಯ ಭಾಗ ಒಂದೇ ಚಕ್ಕೆಯಾಗಿ ಕಳಚಿ ಸುಧಾರಾಣಿಯ ಎರಡೂ ಅಂಗೈ ಮೇಲೆ ಕೂತಿತು. ಭಾರವಿತ್ತು. ಬಿಸಿಲಿಲ್ಲದ ಗೋಡೆಯದಾದರೂ ಬೆಚ್ಚಗಿತ್ತು.

“ಕೊಡಿಲ್ಲಿ” ಎಂದು ಸಿದ್ದವ್ವ ಮೊರ ಹಿಡಿದಳು. ಮಗುವನ್ನು ಇಳಿಸಿಕೊಂಡ ಹಾಗೆ ಇಳಿಸಿಕೊಂಡು ಹಿತ್ತಲಿಗೆ ಹೋದಳು.

ಇನ್ನೆರಡು ಸಲ ಮೆತ್ತಿ, ಕಡೆಗೆ ನಿರ್ಮಲಾ ತೂಕ ಹಾಕಿ ಮಾಡಿದ ಸೋಡಾದ ನೀರಿನಿಂದ ತೊಳೆದರು. ಗೋಡೆ ಆರಿತು. ಬೆಳ್ಳಗೇ ಇತ್ತು. ಮರುದಿನವೂ ಬೆಳ್ಳಗಿತ್ತು. ಒಂದು ವಾರ ಸುಧಾರಾಣಿ ದಿನವೂ ಬೆಳಿಗ್ಗೆ ಎದ್ದ ಕೂಡಲೆ ಹೋಗಿ ನೋಡಿದಳು. ಅಲ್ಮಾಸ ಮತ್ತು ಜೈತೂನಬಿ ಟ್ರಂಕು, ಸ್ಟೋವು, ಹೊಲಿಗೆಯ ಮಷೀನು ತಂದು ಇಳಿಸಿದರು. ಜೈತೂನಬಿ ಗೋಡೆಯನ್ನು ಅಂಗೈಯಿಂದ ಸವರಿ ನೋಡಿ, “ಹಾಂ, ಈಗ ಯಾರೂ ಇಲ್ಲ” ಎಂದು ಚಾಪೆ ಹಾಸಿದಳು. ಮುಂಗಡದ ದುಡ್ಡು ಹಾಗೆಯೇ ಹಾವೇರಿಯ ಕಾಲೇಜಿಗೆ ಹೋಯಿತು. ಕುಪ್ಪೇಲೂರಿನ ಮಾವ ಸಿಟ್ಟಾಗಿ ಒಂದು ತಿಂಗಳು ಈ ಕಡೆ ಬರಲಿಲ್ಲ.

ಎಣ್ಣೆಯ ಡಬ್ಬಿ ಖಾಲಿಯಾಗಿತ್ತು. ಹಳೆಯ ಸಾಬೂನೂ ತೀರಿತು. ನಿರ್ಮಲಾಳ ಹೊಸ ಸಾಬೂನು ಗಟ್ಟಿ, ಬಿಳಿ, ಯಾವ ವಾಸನೆಯೂ ಇಲ್ಲ. ಅರಿವೆಗಳು ಅರಿವೆಗಳಂತೆ ಆದವು. ಬ್ಯಾಡಗಿಯಲ್ಲಿ ಇಸ್ಮಾಯಿಲಸಾಬ ರುದ್ರಮುನಿಯ ಹೆಜ್ಜೆ ಕೇಳಿ, “ಯಾರಪಾ ನೀನು?” ಎಂದನಂತೆ. ಅದನ್ನು ಹೇಳಿ ರುದ್ರಮುನಿ ತನ್ನ ಅಂಗಿಯ ತೋಳನ್ನು ಮತ್ತೊಮ್ಮೆ ಮೂಸಿದ. ಸಿದ್ದವ್ವ ಮಾತು ಕಡಿಮೆ ಮಾಡಿದಳು. ಅರ್ಧ ರೊಟ್ಟಿ ಉಂಡು ಏಳುತ್ತಿದ್ದಳು. ಖೋಲಿಯ ಬಾಗಿಲ ಮುಂದೆ ಹಾದುಹೋಗುವಾಗ ಒಳಗೆ ನೋಡುತ್ತಿರಲಿಲ್ಲ.

ಕಾಲೇಜು ಶುರುವಾಗುವ ದಿನ ಬಂತು. ಸುಧಾರಾಣಿ ತಲೆ ಬಾಚಿಕೊಂಡು, ಅಲ್ಮಾಸ ಕೊಟ್ಟ ಹಳೆಯ ಚರ್ಮದ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಊಟಕ್ಕೆ ಕೂತಳು. ಎದುರಿಗೆ ಆ ಗೋಡೆಯೇ, ಆದರೆ ಅದರ ಒಳಮೈ. ಆಚೆ ಬದಿ ಅಲ್ಮಾಸರದು, ಈಚೆ ಬದಿ ಇವರದು. ನಡುವೆ ಮೊಳ ದಪ್ಪದ ಹಳೆಯ ಮಣ್ಣಿನ ಗೋಡೆ.

ಅವಳು ತುತ್ತು ಎತ್ತಿದವಳು ಹಾಗೇ ಕೂತಳು.

“ಅವ್ವಾ.”

ನಿರ್ಮಲಾ ಬಚ್ಚಲಿಗೆ ಒಯ್ಯುತ್ತಿದ್ದ ಸೋಡಾ ನೀರಿನ ಬಕೆಟ್ಟಿನ ಸಮೇತ ಬಂದಳು. ಗೋಡೆಯಲ್ಲಿ, ಕೂತವನ ತಲೆ ತಾಗುವ ಎತ್ತರದಲ್ಲಿ, ಅಂಗೈಯಗಲದ ಕಂದು ಛಾಯೆ. ಅದರ ಕೆಳಗೆ ಎರಡೂ ಕಡೆ ಇಳಿಜಾರು. ಇನ್ನೂ ತಿಳಿಯಾಗಿತ್ತು, ಹಾಲಿಗೆ ಚಹಾ ಬೆರೆಸಿದ ಹಾಗೆ.

“ಅತ್ತಿ” ಎಂದಳು ನಿರ್ಮಲಾ. ದನಿ ಗಡುಸಾಗಿತ್ತು. “ಆ ಮಣ್ಣನ್ನ ಎಲ್ಲಿ ಹಾಕಿದ್ರಿ?”

ಸಿದ್ದವ್ವ ಒಳಗಿನಿಂದ ಬಂದಳು. “ಕರಿಬೇವಿನ ಬುಡಕ. ಯಾಕ?”

ನಿರ್ಮಲಾ ಹಿತ್ತಲಿಗೆ ಹೋಗಿ ಬಗ್ಗಿ ನೋಡಿದಳು. ಸುಧಾರಾಣಿಯೂ ಹಿಂದೆ ಹೋದಳು. ಮಣ್ಣು ಅಲ್ಲೇ ಇತ್ತು. ಚಕ್ಕೆ ಚಕ್ಕೆಯಾಗಿ, ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ, ಯಾರೂ ಮುಟ್ಟದೆ. ಒಂದು ಇರುವೆಸಾಲು ಅದನ್ನು ಬಳಸಿ ಹೋಗುತ್ತಿತ್ತು.

ಇಬ್ಬರೂ ತಿರುಗಿ ಪಡಸಾಲೆಗೆ ಬಂದರು. ಸಿದ್ದವ್ವ ಗೋಡೆಯ ಮುಂದೆ ನಿಂತಿದ್ದಳು. ಅವಳು ಮುಟ್ಟಲಿಲ್ಲ, ಬಗ್ಗಿ ಮೂಸಲಿಲ್ಲ. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು ಸೊಸೆಯ ಕೈಯ ಬಕೆಟ್ಟನ್ನು ನೋಡಿದಳು.

“ಇಷ್ಟ ವರ್ಷ ಬೀದಿಗೆ ಮುಖಾ ಮಾಡಿ ಕುಂತಿದ್ದ” ಎಂದಳು. “ಈಗ ನಮ್ಮ ಕಡೆ ಹೊಳ್ಳ್ಯಾನ.”

ಗೋಡೆಯಾಚೆ ಅಲ್ಮಾಸ ಸಾಲೆಗೆ ಹೊರಟ ಸದ್ದು ಕೇಳಿಸಿತು, ಜೈತೂನಬಿ ಬಾಗಿಲು ಹಾಕಿಕೊಂಡ ಸದ್ದು. ನಿರ್ಮಲಾ ಬಕೆಟ್ಟು ಹಿಡಿದು ನಿಂತೇ ಇದ್ದಳು. ಅವಳ ಕಣ್ಣು ಗೋಡೆಯಿಂದ ಮಗಳ ಚೀಲಕ್ಕೆ, ಚೀಲದಿಂದ ಅತ್ತೆಯ ಕಡೆಗೆ ಹೋಯಿತು.

“ಆ ಕಡೆ ಏನೂ ಕಾಣಂಗಿಲ್ಲಲ್ಲ?” ಎಂದು ಮಗಳನ್ನು ಕೇಳಿದಳು.

“ಇಲ್ಲವಾ. ನಿನ್ನೇನೂ ನೋಡೇನಿ. ಬೆಳ್ಳಗೈತಿ.”

“ಈ ಕಡೀದು ನಮ್ಮ ಗೋಡಿ” ಎಂದಳು ನಿರ್ಮಲಾ. “ಇರ್ಲಿ. ನೀ ಉಣ್ಣು, ಬಸ್ಸ ತಪ್ಪತೈತಿ.”

ಅವಳು ಸೋಡಾದ ನೀರನ್ನು ಬಚ್ಚಲಿಗೆ ಸುರಿದ ಸದ್ದು ಬಂತು. ಸಿದ್ದವ್ವ ತಾನೇ ಒಂದು ತಾಟು ಹಾಕಿಕೊಂಡು ಮೊಮ್ಮಗಳ ಬಲಕ್ಕೆ ಕೂತು, ಪೂರಾ ಒಂದು ರೊಟ್ಟಿ ಬಡಿಸಿಕೊಂಡಳು. ಸುಧಾರಾಣಿ ತಾಟಿನ ಸಮೇತ ಎಡಕ್ಕೆ ಸರಿದಳು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು. ಆಮೇಲೆ ಲಗುಲಗು ಉಣ್ಣತೊಡಗಿದಳು.